ಶಾಲೆಯಲ್ಲಿ ಅನಾಹುತವಾದರೆ ಮೊದಲ ಹತ್ತು ನಿಮಿಷ: ಫಾರ್ವರ್ಡ್‌ಗಳು ಹೇಳುವುದೇನು? ನಿಜ ಏನು?

2023ರ ಡಿಸೆಂಬರ್ 1, ಶುಕ್ರವಾರ. ಬೆಂಗಳೂರು ನಗರ ಮತ್ತು ಸುತ್ತಮುತ್ತಲಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಮಕ್ಕಳನ್ನು ಹೊರಗೆ ಕಳಿಸಲಾಯಿತು. ಪೊಲೀಸರು, ಬಾಂಬ್ ನಿಷ್ಕ್ರಿಯ ದಳದವರು ಬಂದು ತಪಾಸಣೆ ಮಾಡಿದರು. ಸುದ್ದಿ ವಾಟ್ಸಾಪ್ ಗ್ರೂಪುಗಳಿಗೆ ಬಿದ್ದದ್ದೇ ತಡ, ಪೋಷಕರು ಕೆಲಸ ಬಿಟ್ಟು ಶಾಲೆಯ ಕಡೆ ಓಡಿದರು. ಕೊನೆಗೆ ಎಲ್ಲೂ ಏನೂ ಸಿಗಲಿಲ್ಲ. ಅದು ಹುಸಿ ಬೆದರಿಕೆ.

ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಅಂದು ಕೇಳಬೇಕಾಗಿದ್ದ ಒಂದು ಪ್ರಶ್ನೆ ಹಾಗೇ ಉಳಿಯಿತು. ಒಂದು ವೇಳೆ ಅದು ನಿಜವಾಗಿದ್ದರೆ? ಬಾಂಬ್ ಅಲ್ಲದಿದ್ದರೂ ಬೆಂಕಿ, ಗೋಡೆ ಕುಸಿತ, ಗ್ಯಾಸ್ ಸೋರಿಕೆ ಅಥವಾ ತರಗತಿಯಲ್ಲಿ ಹಾವು ಬಂದಿದ್ದರೆ? ಮೊದಲ ಹತ್ತು ನಿಮಿಷ ಯಾರು ಏನು ಮಾಡಬೇಕು ಎಂಬುದು ನಿಮ್ಮ ಮಗುವಿನ ಶಾಲೆಯಲ್ಲಿ ಯಾರಿಗಾದರೂ ಗೊತ್ತಿದೆಯೇ? ಆ ಹತ್ತು ನಿಮಿಷದಲ್ಲಿ ನಿಮ್ಮ ಫೋನ್ ಸಹಾಯ ಮಾಡುತ್ತದೆಯೋ, ಅಡ್ಡಿ ಮಾಡುತ್ತದೆಯೋ?

ಈ ಬಗ್ಗೆ ನಮ್ಮಲ್ಲಿ ಹಲವು ತಪ್ಪು ನಂಬಿಕೆಗಳಿವೆ. ಒಂದೊಂದಾಗಿ ನೋಡೋಣ.

ನಂಬಿಕೆ 1: ಗೋಡೆಯ ಮೇಲೆ ಕೆಂಪು ಸಿಲಿಂಡರ್ ಇದೆ, ಹಾಗಾಗಿ ಶಾಲೆ ಸುರಕ್ಷಿತ

ಶಾಲೆ ಸೇರಿಸುವಾಗ ನಾವು ನೋಡುವುದು ಕಟ್ಟಡ, ಬಸ್ಸು, ಫಲಿತಾಂಶ. ಗೋಡೆಯ ಮೇಲೆ ಬೆಂಕಿ ನಂದಿಸುವ ಸಿಲಿಂಡರ್ ಕಂಡರೆ ಸಮಾಧಾನ. ಆದರೆ ಸಿಲಿಂಡರ್ ಒಂದು ಸಾಧನ ಮಾತ್ರ, ಯೋಜನೆಯಲ್ಲ. ಸಾಮಾನ್ಯವಾಗಿ ಶಾಲೆಗಳಲ್ಲಿ ನೇತುಹಾಕುವ ಅಳತೆಯ ಸಿಲಿಂಡರ್ ಒಮ್ಮೆ ಒತ್ತಿದರೆ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಕಸದ ಬುಟ್ಟಿಗೆ ಹತ್ತಿದ ಬೆಂಕಿಗೆ ಅದು ಸಾಕು, ಕೋಣೆಗೇ ಹಬ್ಬಿದ ಬೆಂಕಿಗೆ ಸಾಲದು. ಅದನ್ನು ಬಳಸಲು ಗೊತ್ತಿರುವವರು ಹತ್ತಿರದಲ್ಲಿ ಇಲ್ಲದಿದ್ದರೆ ಅಷ್ಟೂ ಪ್ರಯೋಜನವಿಲ್ಲ.

ನಮ್ಮ ದೇಶದಲ್ಲಿ ಶಾಲಾ ಸುರಕ್ಷತೆಯ ಚರ್ಚೆ ಗಂಭೀರವಾದದ್ದು ಒಂದು ಘೋರ ದುರಂತದ ನಂತರ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಬೇಯಿಸುವ ಅಡುಗೆಮನೆಯಿಂದ ಹೊತ್ತಿದ ಬೆಂಕಿ ಮೇಲಿನ ಗರಿಯ ಸೂರಿಗೆ ಹಬ್ಬಿತು. 94 ಮಕ್ಕಳು ಸತ್ತರು. ಉರಿಯುವ ಸೂರು, ಇಕ್ಕಟ್ಟಾದ ಮೆಟ್ಟಿಲು, ತರಗತಿಗೆ ಅಂಟಿಕೊಂಡ ಅಡುಗೆಮನೆ, ಒಂದೇ ಕಟ್ಟಡದಲ್ಲಿ ತುಂಬಿದ ಮಕ್ಕಳು. ಇದೆಲ್ಲ ಅಂದು ಬೆಳಿಗ್ಗೆ ಹುಟ್ಟಿದ ಸಮಸ್ಯೆಯಲ್ಲ. ವರ್ಷಗಳಿಂದ ಎಲ್ಲರ ಕಣ್ಣೆದುರೇ ಇತ್ತು.

ಆ ದುರಂತದ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2009ರ ಏಪ್ರಿಲ್ 13ರಂದು ತೀರ್ಪು ನೀಡಿತು. ಅವಿನಾಶ್ ಮೆಹ್ರೋತ್ರಾ ಪ್ರಕರಣ ಎಂದೇ ಅದು ಹೆಸರಾಗಿದೆ. ಶಿಕ್ಷಣದ ಹಕ್ಕು ಎಂದರೆ ಸುರಕ್ಷಿತ ಶಾಲೆಯಲ್ಲಿ ಕಲಿಯುವ ಹಕ್ಕೂ ಹೌದು ಎಂದು ನ್ಯಾಯಾಲಯ ಹೇಳಿತು. ಅಗ್ನಿ ಸುರಕ್ಷತಾ ಉಪಕರಣಗಳ ಜೊತೆಗೆ ಶಿಕ್ಷಕರಿಗೂ ಸಿಬ್ಬಂದಿಗೂ ತರಬೇತಿ ಇರಬೇಕು ಎಂದಿತು. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಶಾಲಾ ಸುರಕ್ಷತೆಗೆಂದೇ ಮಾರ್ಗಸೂಚಿ ಹೊರಡಿಸಿತು. ಸರ್ಕಾರಿ ಶಾಲೆಯಾಗಲಿ ಖಾಸಗಿ ಶಾಲೆಯಾಗಲಿ, ಪ್ರತಿ ಶಾಲೆಗೂ ತನ್ನದೇ ವಿಪತ್ತು ನಿರ್ವಹಣಾ ಯೋಜನೆ ಇರಬೇಕು ಎಂಬುದು ಅದರ ಆಶಯ.

ಅಂದರೆ ಶಾಲೆಗೆ ತುರ್ತು ಯೋಜನೆ ಇದೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಅದು ಪೋಷಕರ ಹಕ್ಕು.

ನಂಬಿಕೆ 2: ಜನ ಗಾಬರಿಯಾಗಿ ಓಡುವುದರಿಂದಲೇ ಸಾವು ಹೆಚ್ಚುತ್ತದೆ

"ಯಾರೂ ಗಾಬರಿಯಾಗಬೇಡಿ, ಕೂತಲ್ಲೇ ಕೂತಿರಿ." ಇದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು. ಗಾಬರಿ ಒಳ್ಳೆಯದಲ್ಲ, ನಿಜ. ಆದರೆ ಬೆಂಕಿ ಅನಾಹುತಗಳಲ್ಲಿ ಜನ ಹೇಗೆ ವರ್ತಿಸುತ್ತಾರೆ ಎಂದು ಅಧ್ಯಯನ ಮಾಡಿದವರು ಮತ್ತೆ ಮತ್ತೆ ಕಂಡದ್ದು ಬೇರೆ. ಹೆಚ್ಚಿನವರು ಬೇಗ ಓಡುವುದಿಲ್ಲ, ತಡ ಮಾಡುತ್ತಾರೆ. ಗಂಟೆ ಬಾರಿಸಿದರೆ "ಏನೋ ಸುಮ್ಮನೆ ಇರಬೇಕು" ಎಂದುಕೊಳ್ಳುತ್ತಾರೆ. ಅಕ್ಕಪಕ್ಕದವರ ಮುಖ ನೋಡುತ್ತಾರೆ. ಬ್ಯಾಗು, ಚಪ್ಪಲಿ ಹುಡುಕುತ್ತಾರೆ. ಅಷ್ಟರಲ್ಲಿ ಹೊಗೆ ತುಂಬುತ್ತದೆ. ಬೆಂಕಿ ಅನಾಹುತಗಳಲ್ಲಿ ಸುಟ್ಟಗಾಯಕ್ಕಿಂತ ಹೊಗೆಯಿಂದ ಸಾಯುವವರೇ ಹೆಚ್ಚು.

ಎರಡನೆಯ ಕಾರಣ ಬಾಗಿಲು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ವಾರ್ಷಿಕೋತ್ಸವ ನಡೆಯುತ್ತಿದ್ದ ಮದುವೆ ಮಂಟಪದ ಶಾಮಿಯಾನಕ್ಕೆ ಬೆಂಕಿ ಬಿತ್ತು. ಮಕ್ಕಳು, ಪೋಷಕರು ಸೇರಿ 400ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಬೆಂಗಳೂರಿನಲ್ಲೇ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ 90ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಸಾವಿರ ಜನ ಒಂದೇ ಬಾಗಿಲ ಕಡೆ ಹೋದರೆ ನೂಕುನುಗ್ಗಲು ಆಗಿಯೇ ಆಗುತ್ತದೆ. ಅದಕ್ಕೆ ಜನರ ಗಾಬರಿಯನ್ನು ದೂರುವುದು ಸುಲಭ. ಎರಡನೇ ಬಾಗಿಲು ಯಾಕಿರಲಿಲ್ಲ, ಇದ್ದರೂ ಯಾಕೆ ತೆರೆದಿರಲಿಲ್ಲ ಎಂದು ಕೇಳುವುದು ಕಷ್ಟ.

ಈಗ ನಿಮ್ಮ ಮಗುವಿನ ಶಾಲೆ ನೆನಪಿಸಿಕೊಳ್ಳಿ. ಹಿಂದಿನ ಮೆಟ್ಟಿಲಿನ ಗ್ರಿಲ್ ಗೇಟಿಗೆ ಬೀಗ ಹಾಕಿದೆಯೇ? ಅದರ ಕೀ ಯಾರ ಹತ್ತಿರ ಇದೆ? ಅವರು ರಜೆ ಹಾಕಿದ ದಿನ? ಮಕ್ಕಳು ಹೊರಗೆ ಹೋಗದಿರಲಿ, ಕಳ್ಳರು ಬಾರದಿರಲಿ ಎಂದು ಹಾಕಿದ ಬೀಗವೇ ಬೆಂಕಿ ಬಿದ್ದ ದಿನ ಪ್ರಾಣ ತೆಗೆಯುತ್ತದೆ. ಇದನ್ನು ಸರಿಪಡಿಸಲು ಒಂದು ರೂಪಾಯಿಯೂ ಬೇಡ. ತರಗತಿ ನಡೆಯುವಾಗ ಬೀಗ ತೆರೆದಿಟ್ಟು ಒಬ್ಬರನ್ನು ಕಾವಲಿಗೆ ಕೂರಿಸಿದರೆ ಸಾಕು.

ನಂಬಿಕೆ 3: ಭೂಕಂಪವಾದರೆ ಡೆಸ್ಕಿನ ಕೆಳಗೆ ಹೋಗಬೇಡಿ, ಪಕ್ಕದಲ್ಲಿ ಮಲಗಿ

"ಜೀವ ತ್ರಿಕೋನ" ಎಂಬ ಹೆಸರಿನಲ್ಲಿ ಈ ಸಂದೇಶ ಬಹಳ ವರ್ಷಗಳಿಂದ ಸುತ್ತುತ್ತಿದೆ. ಮೊದಲು ಇಮೇಲಿನಲ್ಲಿತ್ತು, ಈಗ ವಾಟ್ಸಾಪಿನಲ್ಲಿ. ಡೆಸ್ಕಿನ ಕೆಳಗೆ ಅಡಗಿದವರೆಲ್ಲ ಜಜ್ಜಿಹೋಗುತ್ತಾರೆ, ದೊಡ್ಡ ವಸ್ತುವಿನ ಪಕ್ಕ ಮುದುಡಿ ಮಲಗಿದವರು ಬದುಕುತ್ತಾರೆ ಎಂದು ಅದು ಹೇಳುತ್ತದೆ.

ಇದು ತಪ್ಪು ಸಲಹೆ. ಭೂಕಂಪದಲ್ಲಿ ಕಟ್ಟಡ ಪೂರ್ತಿ ಮಡಚಿ ಬೀಳುವುದಕ್ಕಿಂತ ಗಾಜು, ಫ್ಯಾನು, ಟ್ಯೂಬ್‌ಲೈಟು, ಬೀರು, ಗಾರೆ ತಲೆಯ ಮೇಲೆ ಬಿದ್ದು ಗಾಯವಾಗುವುದೇ ಹೆಚ್ಚು. ಅದರಿಂದ ತಲೆ ಕಾಯುವುದು ಡೆಸ್ಕು. ಅಮೆರಿಕದ ರೆಡ್ ಕ್ರಾಸ್ ಸೇರಿದಂತೆ ವಿಪತ್ತು ನಿರ್ವಹಣೆಯ ಸಂಸ್ಥೆಗಳು ಈ ತ್ರಿಕೋನದ ವಾದವನ್ನು ತಳ್ಳಿಹಾಕಿವೆ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಕ್ಕಳಿಗೆ ಕಲಿಸುವುದೂ ಇದನ್ನೇ: ಕೆಳಗೆ ಕುಕ್ಕರಿಸಿ, ಡೆಸ್ಕಿನಡಿ ಸೇರಿ ತಲೆ ಮುಚ್ಚಿಕೊಳ್ಳಿ, ಡೆಸ್ಕಿನ ಕಾಲನ್ನು ಗಟ್ಟಿಯಾಗಿ ಹಿಡಿಯಿರಿ. ಕಂಪನ ನಿಂತ ಮೇಲೆ ಸಾಲಾಗಿ ಬಯಲಿಗೆ ಹೋಗಿ.

"ಕರ್ನಾಟಕದಲ್ಲಿ ಭೂಕಂಪ ಎಲ್ಲಿ ಆಗುತ್ತದೆ?" ಎನ್ನುವವರು 1993ರ ಸೆಪ್ಟೆಂಬರ್ 30 ನೆನಪಿಸಿಕೊಳ್ಳಬೇಕು. ಅಂದು ನಮ್ಮ ಗಡಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿತು. ಸುಮಾರು ಹತ್ತು ಸಾವಿರ ಜನ ಸತ್ತರು. ಆಗಿನ ಭೂಕಂಪ ನಕ್ಷೆಯಲ್ಲಿ ಅದು ಅತಿ ಕಡಿಮೆ ಅಪಾಯದ ಒಂದನೇ ವಲಯ. 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ಆ ಒಂದನೇ ವಲಯವನ್ನೇ ತೆಗೆದುಹಾಕಲಾಯಿತು. ಇತ್ತೀಚೆಗೆ ವಿಜಯಪುರ, ಕಲಬುರಗಿ ಕಡೆಯವರಿಗೂ ಸಣ್ಣ ಕಂಪನಗಳ ಅನುಭವವಾಗಿದೆ.

ಹೊರಗೆ ಹೋದರೆ ಸಾಕೇ? ಎಲ್ಲಿಗೆ ಹೋಗುತ್ತೀರಿ ಎಂಬುದೂ ಮುಖ್ಯ. 2001ರ ಜನವರಿ 26ರಂದು ಗುಜರಾತಿನ ಅಂಜಾರ್‌ನಲ್ಲಿ ಮಕ್ಕಳು ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಇಕ್ಕಟ್ಟಾದ ಬೀದಿಯಲ್ಲಿ ಸಾಗುತ್ತಿದ್ದಾಗ ಭೂಕಂಪವಾಯಿತು. ಎರಡೂ ಬದಿಯ ಮನೆಗಳು ಕುಸಿದು 185 ಮಕ್ಕಳು ಮತ್ತು 20 ಶಿಕ್ಷಕರು ಸತ್ತರು. ಆದ್ದರಿಂದ ಮಕ್ಕಳು ಸೇರಬೇಕಾದ ಜಾಗ ಕಟ್ಟಡ, ಕಾಂಪೌಂಡ್ ಗೋಡೆ, ವಿದ್ಯುತ್ ತಂತಿ, ನೀರಿನ ಟ್ಯಾಂಕ್‌ಗಳಿಂದ ದೂರವಿರಬೇಕು. ಅದನ್ನು ಹುಡುಕುವುದು ಶಾಂತವಾದ ದಿನದ ಕೆಲಸ. ನೆಲ ನಡುಗುವಾಗ ಹುಡುಕಲಾಗದು.

ಒಂದೇ ದಿನ, ಒಂದೇ ಸಮುದ್ರ, ಎರಡು ಕಥೆ

ಯೋಜನೆ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಈ ಎರಡು ಉದಾಹರಣೆಗಳಿಗಿಂತ ಸ್ಪಷ್ಟವಾದ ಪಾಠ ಸಿಗುವುದು ಕಷ್ಟ.

2011ರ ಮಾರ್ಚ್ 11ರಂದು ಈಶಾನ್ಯ ಜಪಾನಿನಲ್ಲಿ ಭಾರಿ ಭೂಕಂಪವಾಗಿ ಸುನಾಮಿ ಬಂತು. ಕರಾವಳಿಯ ಕಮೈಶಿ ನಗರದಲ್ಲಿ ಸುಮಾರು ಸಾವಿರ ಜನ ಸತ್ತರು ಅಥವಾ ಕಾಣೆಯಾದರು. ಆದರೆ ಅಲ್ಲಿನ ಸುಮಾರು 3,000 ಶಾಲಾ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಬದುಕಿದರು. ಅದಕ್ಕೆ ಕಾರಣ, ಪ್ರಾಧ್ಯಾಪಕ ತೋಷಿತಾಕ ಕತಾಡ ಅವರ ಮಾರ್ಗದರ್ಶನದಲ್ಲಿ ಆ ಶಾಲೆಗಳು ವರ್ಷಗಳಿಂದ ನಡೆಸಿದ್ದ ಅಭ್ಯಾಸ. ಅವರು ಕಲಿಸಿದ್ದು ಮೂರೇ ಸೂತ್ರ. ಮೊದಲೇ ಬರೆದ ಅಂದಾಜನ್ನು ಪೂರ್ತಿ ನಂಬಬೇಡಿ. ಆ ಕ್ಷಣದಲ್ಲಿ ಸಾಧ್ಯವಾದದ್ದನ್ನೆಲ್ಲ ಮಾಡಿ. ಬೇರೆಯವರಿಗೆ ಕಾಯದೆ ನೀವೇ ಮೊದಲು ಹೊರಡಿ. ಅಂದು ದೊಡ್ಡ ತರಗತಿಯ ಮಕ್ಕಳು ಓಡಿದ್ದನ್ನು ನೋಡಿ ಪಕ್ಕದ ಪ್ರಾಥಮಿಕ ಶಾಲೆಯ ಚಿಕ್ಕ ಮಕ್ಕಳೂ ಹಿಂದೆ ಓಡಿದರು. ಗೊತ್ತುಮಾಡಿದ್ದ ಜಾಗ ತಲುಪಿದಾಗ ಪಕ್ಕದ ಗುಡ್ಡ ಕುಸಿಯುವುದು ಕಾಣಿಸಿತು. ಇಲ್ಲೂ ಸುರಕ್ಷಿತವಲ್ಲ ಎಂದು ಇನ್ನೂ ಎತ್ತರಕ್ಕೆ ಹೋದರು. ಬದುಕಿದರು.

ಅದೇ ದಿನ ಇಶಿನೊಮಾಕಿಯ ಓಕಾವಾ ಪ್ರಾಥಮಿಕ ಶಾಲೆಯಲ್ಲಿ 108 ಮಕ್ಕಳಲ್ಲಿ 74 ಮಕ್ಕಳು ಇಲ್ಲವಾದರು. ಜೊತೆಗೆ 10 ಶಿಕ್ಷಕರು ಮತ್ತು ಸಿಬ್ಬಂದಿ. ಶಾಲೆಯ ಹಿಂದೆಯೇ ಗುಡ್ಡವಿತ್ತು. ಭೂಕಂಪಕ್ಕೂ ಸುನಾಮಿ ಶಾಲೆ ತಲುಪುವುದಕ್ಕೂ ನಡುವೆ ಸುಮಾರು 50 ನಿಮಿಷ ಸಮಯವಿತ್ತು. ಆ ಸಮಯದ ಬಹುಭಾಗ ಎಲ್ಲಿಗೆ ಹೋಗಬೇಕು ಎಂಬ ಗೊಂದಲದಲ್ಲಿ ಶಾಲೆಯ ಅಂಗಳದಲ್ಲೇ ಕಳೆದುಹೋಯಿತು. ಶಾಲೆಗೆ ಕೈಪಿಡಿ ಇರಲಿಲ್ಲವೆಂದಲ್ಲ, ಇತ್ತು. ಅದರಲ್ಲಿ ಹತ್ತಿರದ ಖಾಲಿ ಜಾಗ ಅಥವಾ ಉದ್ಯಾನಕ್ಕೆ ಹೋಗಿ ಎಂಬ ಅರ್ಥದ ಸಾಲಿತ್ತು, ಯಾವ ಜಾಗ ಎಂದು ಇರಲಿಲ್ಲ. ಮಕ್ಕಳನ್ನು ಕಳೆದುಕೊಂಡ ಪೋಷಕರು ನ್ಯಾಯಾಲಯಕ್ಕೆ ಹೋದರು. ಅನಾಹುತಕ್ಕೆ ಮೊದಲೇ ಸರಿಯಾದ ತಯಾರಿ ಮಾಡದಿದ್ದುದೇ ತಪ್ಪು ಎಂಬ ತೀರ್ಪು 2019ರಲ್ಲಿ ಜಪಾನಿನ ಸುಪ್ರೀಂ ಕೋರ್ಟಿನಲ್ಲಿ ಖಾಯಂ ಆಯಿತು.

ಕಡತದಲ್ಲಿರುವ ಯೋಜನೆ ಮಕ್ಕಳನ್ನು ಉಳಿಸುವುದಿಲ್ಲ. ಕಾಲಿಗೆ ಅಭ್ಯಾಸವಾದ ಯೋಜನೆ ಉಳಿಸುತ್ತದೆ. ಅನಾಹುತದ ಹೊತ್ತಿನಲ್ಲಿ ಯಾರೂ ಹೊಸದಾಗಿ ಯೋಚಿಸುವುದಿಲ್ಲ, ಹಿಂದೆ ಮಾಡಿದ್ದನ್ನೇ ಮಾಡುತ್ತಾರೆ.

ನಂಬಿಕೆ 4: ಸುದ್ದಿ ಕೇಳಿದ ತಕ್ಷಣ ಓಡಿಹೋಗಿ ಮಗುವನ್ನು ಕರೆತರುವುದೇ ಸುರಕ್ಷಿತ

ಇದು ಕರುಳಿನ ಮಾತು. ಇದನ್ನು ತಪ್ಪು ಎನ್ನುವುದು ಕಷ್ಟ. ಆದರೂ ಒಮ್ಮೆ ಯೋಚಿಸಿ. 800 ಮಕ್ಕಳ ಶಾಲೆಗೆ 500 ಬೈಕು, ಕಾರು, ಆಟೊ ಒಟ್ಟಿಗೆ ನುಗ್ಗಿದರೆ ಅಗ್ನಿಶಾಮಕ ದಳದ ವಾಹನ, ಆಂಬ್ಯುಲೆನ್ಸ್ ಎಲ್ಲಿಂದ ಒಳಗೆ ಬರಬೇಕು? ಟೀಚರ್ ಹಾಜರಿ ಪುಸ್ತಕ ಹಿಡಿದು ಮಕ್ಕಳನ್ನು ಎಣಿಸುತ್ತಿರುವಾಗ ನೀವು ನಿಮ್ಮ ಮಗುವಿನ ಜೊತೆ ಪಕ್ಕದ ಮನೆಯ ಮಗುವನ್ನೂ ಕರೆದುಕೊಂಡು ಹೊರಟರೆ ಏನಾಗುತ್ತದೆ? ಎಣಿಕೆಯಲ್ಲಿ ಒಬ್ಬರು ಕಮ್ಮಿ. ಆ ಮಗು ಒಳಗೇ ಉಳಿದಿದೆ ಎಂದು ತಿಳಿದು ಯಾರೋ ಒಬ್ಬರು ಉರಿಯುವ ಕಟ್ಟಡದೊಳಗೆ ಮತ್ತೆ ಹೋಗುತ್ತಾರೆ.

ಹಾಗೆಂದು ಪೋಷಕರು ಹೋಗಲೇಬಾರದು ಎಂದಲ್ಲ. ಮಗುವನ್ನು ಎಲ್ಲಿ, ಯಾವ ಗೇಟಿನಲ್ಲಿ, ಯಾರ ಕೈಗೆ ಒಪ್ಪಿಸುತ್ತಾರೆ ಎಂಬುದು ಮೊದಲೇ ಗೊತ್ತಿರಬೇಕು. ಅಪ್ಪ ಅಮ್ಮ ಇಬ್ಬರೂ ಕೆಲಸದಲ್ಲಿದ್ದರೆ ಅಜ್ಜ, ಚಿಕ್ಕಪ್ಪ, ಪಕ್ಕದ ಮನೆಯವರು ಹೀಗೆ ಯಾರು ಬಂದರೆ ಕಳಿಸಬಹುದು ಎಂಬ ಪಟ್ಟಿ ಶಾಲೆಯಲ್ಲಿರಬೇಕು. ಕರೆದೊಯ್ಯುವವರು ಸಹಿ ಹಾಕಿಯೇ ಕರೆದೊಯ್ಯಬೇಕು. ಇನ್ನೊಂದು ಮಾತು. ಎಲ್ಲರೂ ಒಟ್ಟಿಗೆ ಹೆಡ್‌ಮಾಸ್ಟರಿಗೆ ಫೋನ್ ಮಾಡಿದರೆ ಅವರು 112ಕ್ಕೆ ಮಾಡಬೇಕಾದ ಕರೆಯೇ ಹೋಗುವುದಿಲ್ಲ. ಶಾಲೆಯಿಂದ ಒಬ್ಬರು, ಒಂದೇ ಅಧಿಕೃತ ಗ್ರೂಪಿನಲ್ಲಿ ಮಾಹಿತಿ ಹಾಕುವ ವ್ಯವಸ್ಥೆ ಇದ್ದರೆ ಎಲ್ಲರಿಗೂ ನೆಮ್ಮದಿ.

ನಂಬಿಕೆ 5: ತುರ್ತು ಪರಿಸ್ಥಿತಿ ಎಂದರೆ ದೊಡ್ಡ ದುರಂತ ಮಾತ್ರ

ಬೆಂಕಿ, ಭೂಕಂಪ ಅಪರೂಪ. ಮಗು ತಲೆ ತಿರುಗಿ ಬೀಳುವುದು, ಮೂರ್ಛೆ ರೋಗ, ಜೇನುಹುಳು ದಾಳಿ, ಊಟದಿಂದ ವಾಂತಿ, ಹಾವು ಕಡಿತ ಇವು ಯಾವ ಶಾಲೆಯಲ್ಲೂ ನಡೆಯಬಹುದು. 2019ರ ನವೆಂಬರಿನಲ್ಲಿ ಕೇರಳದ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಐದನೇ ತರಗತಿಯ ಬಾಲಕಿಗೆ ತರಗತಿಯೊಳಗೇ ಹಾವು ಕಚ್ಚಿತು. ಆಕೆ ಬದುಕಲಿಲ್ಲ. ಆಸ್ಪತ್ರೆಗೆ ಕರೆದೊಯ್ಯಲು ತಡ ಮಾಡಿದರು ಎಂದು ಸಹಪಾಠಿಗಳೇ ಹೇಳಿದರು. ಅದು ದೊಡ್ಡ ಪ್ರತಿಭಟನೆಗೆ ಕಾರಣವಾಯಿತು.

ಇಲ್ಲಿಯೂ ಫಾರ್ವರ್ಡ್‌ಗಳು ತಪ್ಪು ದಾರಿ ತೋರಿಸುತ್ತವೆ. ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ವಿಷ ಹೀರುವುದು, ಸೊಪ್ಪಿನ ರಸ ಹಚ್ಚುವುದು ಎಲ್ಲವೂ ಹಾನಿಕರ. ಮಾಡಬೇಕಾದದ್ದು ಇಷ್ಟು: ಮಗುವಿಗೆ ಧೈರ್ಯ ಹೇಳಿ, ನಡೆಸಬೇಡಿ. ಬಳೆ, ಕಾಲ್ಗೆಜ್ಜೆ, ದಾರ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಸ್ಕೇಲು ಅಥವಾ ಕೋಲಿನ ಆಸರೆ ಕೊಡಿ. ವಿಷಕ್ಕೆ ಕೊಡುವ ಚುಚ್ಚುಮದ್ದು ಸಿಗುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ. ಕಚ್ಚಿದ್ದು ಯಾವ ಹಾವು ಎಂದು ಹುಡುಕುತ್ತಾ, ಪೋಷಕರು ಬರಲಿ ಎಂದು ಕಾಯುತ್ತಾ ಸಮಯ ಕಳೆಯಬಾರದು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಘೋಷಿಸಿದೆ. ಆದರೆ ಹತ್ತಿರದಲ್ಲಿ ಈ ಚುಚ್ಚುಮದ್ದು ಎಲ್ಲಿ ಸಿಗುತ್ತದೆ, ಅಲ್ಲಿಗೆ ಯಾರ ವಾಹನದಲ್ಲಿ ಹೋಗುವುದು ಎಂಬುದನ್ನು ಶಾಲೆ ಮೊದಲೇ ತಿಳಿದಿಡಬೇಕು.

ಫಾರ್ವರ್ಡ್ ಒತ್ತುವ ಮೊದಲು

ಮಳೆಗಾಲ ಬಂದರೆ ಕರಾವಳಿ, ಮಲೆನಾಡಿನಲ್ಲಿ "ನಾಳೆ ಶಾಲೆಗೆ ರಜೆ" ಎಂಬ ನಕಲಿ ಆದೇಶ ಜಿಲ್ಲಾಧಿಕಾರಿಗಳ ಹೆಸರಿನಲ್ಲೇ ಓಡಾಡುತ್ತದೆ. ಹಳೆಯ ಆದೇಶದ ದಿನಾಂಕ ತಿದ್ದಿ ಹರಿಬಿಡುವವರಿದ್ದಾರೆ. ತಮಾಷೆ ಅನಿಸಬಹುದು. ಆದರೆ ನಾಲ್ಕು ಸಲ ಸುಳ್ಳು ರಜೆ ನೋಡಿದವರು ಐದನೆಯ ಸಲ ಬಂದ ನಿಜವಾದ ಎಚ್ಚರಿಕೆಯನ್ನೂ ನಂಬುವುದಿಲ್ಲ.

ಇನ್ನೂ ಭೀಕರವಾದದ್ದೂ ನಮ್ಮಲ್ಲೇ ಆಗಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿ ದೇಶದಾದ್ಯಂತ ಹಬ್ಬಿತ್ತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಯುವಕರನ್ನು ಕಳ್ಳರೆಂದು ಭಾವಿಸಿ ಗುಂಪು ಹೊಡೆಯಿತು. ಒಬ್ಬ ಎಂಜಿನಿಯರ್ ಸತ್ತ. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆ ಮಾತ್ರ ಕಳಿಸಬಹುದು ಎಂಬ ಮಿತಿ ಪ್ರಕಟಿಸಿತು. ಮಕ್ಕಳನ್ನು ಕಾಪಾಡುವ ಹೆಸರಿನಲ್ಲೇ ಒಂದು ಜೀವ ಹೋಯಿತು.

ಹಾಗಾಗಿ ಶಾಲೆಗೆ ಸಂಬಂಧಿಸಿದ ಯಾವ ಆತಂಕದ ಸಂದೇಶ ಬಂದರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ದಿನಾಂಕ, ಊರಿನ ಹೆಸರು ಇದೆಯೇ? ಶಾಲೆಯ ಅಧಿಕೃತ ಗ್ರೂಪಿನಲ್ಲಿ ಅಥವಾ ಜಿಲ್ಲಾಡಳಿತದ, ಪೊಲೀಸರ ಅಧಿಕೃತ ಪುಟದಲ್ಲಿ ಇದು ಇದೆಯೇ? ನಾನು ಇದನ್ನು ಕಳಿಸಿದರೆ ಯಾರಿಗಾದರೂ ಸಹಾಯವಾಗುತ್ತದೆಯೇ, ಗಾಬರಿ ಮಾತ್ರ ಹೆಚ್ಚುತ್ತದೆಯೇ? ಮೂರರಲ್ಲಿ ಒಂದಕ್ಕೂ ಸರಿಯಾದ ಉತ್ತರ ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

ನಿಮ್ಮ ಶಾಲೆಯಲ್ಲಿ ಕೇಳಬೇಕಾದ ಎಂಟು ಪ್ರಶ್ನೆಗಳು

ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ, ಖಾಸಗಿ ಶಾಲೆಯಾದರೆ ಪೋಷಕರ ಸಭೆಯಲ್ಲಿ ಇವನ್ನು ಕೇಳಬಹುದು. ಜಗಳವಾಡುವ ಅಗತ್ಯವಿಲ್ಲ, ಟೀಚರ್‌ಗಳಿಗೂ ಇದು ಬೇಕಾಗಿಯೇ ಇರುತ್ತದೆ.

1. ಶಾಲೆಯ ವಿಪತ್ತು ನಿರ್ವಹಣಾ ಯೋಜನೆ ಬರಹದಲ್ಲಿ ಇದೆಯೇ? ಕೊನೆಯ ಬಾರಿ ಯಾವಾಗ ತಿದ್ದಿದ್ದು?
2. ಕೊನೆಯ ಮಾಕ್ ಡ್ರಿಲ್ ಯಾವಾಗ ಆಯಿತು? ಎಲ್ಲರೂ ಹೊರಗೆ ಬರಲು ಎಷ್ಟು ನಿಮಿಷ ಹಿಡಿಯಿತು?
3. ಪ್ರತಿ ಮಹಡಿಯಿಂದ ಇಳಿಯಲು ಎರಡು ದಾರಿ ಇವೆಯೇ? ಬೀಗಗಳು ತೆರೆದಿರುತ್ತವೆಯೇ?
4. ಮಕ್ಕಳು ಸೇರುವ ಜಾಗ ಯಾವುದು? ಅಲ್ಲಿ ಯಾರು ಎಣಿಸುತ್ತಾರೆ?
5. ಓಡಲಾಗದ, ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗೆ ಯಾರು ಜೊತೆಯಾಗುತ್ತಾರೆ?
6. ಬಿಸಿಯೂಟದ ಅಡುಗೆಮನೆ ತರಗತಿಯಿಂದ ದೂರವಿದೆಯೇ? ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟಬಾರದು ಎಂದು ಅಡುಗೆಯವರಿಗೆ ಗೊತ್ತೇ?
7. ಪ್ರಥಮ ಚಿಕಿತ್ಸೆ ಕಲಿತ ಕನಿಷ್ಠ ಇಬ್ಬರು ಸಿಬ್ಬಂದಿ ಇದ್ದಾರೆಯೇ? ತುರ್ತು ವಾಹನ ಯಾವುದು?
8. ಮಗುವನ್ನು ಯಾರಿಗೆ ಒಪ್ಪಿಸಬೇಕು ಎಂಬ ಪಟ್ಟಿ ಈ ವರ್ಷದ್ದೇ?

ಮನೆಯಲ್ಲೂ ಒಂದು ಕೆಲಸವಿದೆ. ನಿಮ್ಮ ಫೋನ್ ನಂಬರ್ ಮಗುವಿಗೆ ಬಾಯಿಪಾಠ ಇದೆಯೇ ನೋಡಿ. ಎಲ್ಲ ತುರ್ತು ಸೇವೆಗೂ 112, ಆಂಬ್ಯುಲೆನ್ಸ್‌ಗೆ 108, ಅಗ್ನಿಶಾಮಕ ದಳಕ್ಕೆ 101, ಮಕ್ಕಳ ಸಹಾಯವಾಣಿಗೆ 1098 ಎಂದು ಕಲಿಸಿ. ಹೊಗೆ ಕಂಡರೆ ಬಗ್ಗಿ ಅಥವಾ ತೆವಳಿ ಹೊರಬರಬೇಕು, ಬ್ಯಾಗಿಗಾಗಿ ವಾಪಸ್ ಹೋಗಬಾರದು, ಟೀಚರ್ ಹೇಳಿದ ಜಾಗದಲ್ಲೇ ನಿಂತಿರಬೇಕು, "ಅಪ್ಪ ಅಮ್ಮ ಅಲ್ಲಿಗೇ ಬರುತ್ತಾರೆ" ಎಂದು ಹೇಳಿಕೊಡಿ. ಆ ಮಾತನ್ನು ಮಗು ನಂಬಬೇಕಾದರೆ ಆ ಜಾಗ ಯಾವುದು ಎಂದು ನಿಮಗೂ ಗೊತ್ತಿರಬೇಕು.

ಈ ಲೇಖನವನ್ನು ಹಂಚಿಕೊಳ್ಳುವುದಾದರೆ ನಿಮ್ಮ ಶಾಲೆಯ ಪೋಷಕರ ಗ್ರೂಪಿಗೆ ಕಳಿಸಿ. ಜೊತೆಗೆ ಒಂದೇ ಸಾಲು ಸೇರಿಸಿ: "ನಮ್ಮ ಶಾಲೆಯಲ್ಲಿ ಕೊನೆಯ ಮಾಕ್ ಡ್ರಿಲ್ ಯಾವಾಗ ಆಯಿತು?"